ಕೈಗೆ ಬಂದ ಗೇರು

ಸೈಕಲ್ಲಿನಲ್ಲಿ ಹೋಗುವವನು ದಿಣ್ಣೆ ಬಂದಾಗ ಇಳಿದು ತಳ್ಳಿಕೊಂಡು ನಡೆಯುವುದು ನಮ್ಮಲ್ಲಿ ನಾಚಿಕೆಯ ಸಂಗತಿಯೇನೂ ಅಲ್ಲ. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಾಡಿದ ಕಪ್ಪು ಸೈಕಲ್ಲಿಗೆ ಸಾಮಾನ್ಯವಾಗಿ ಒಂದೇ ಗೇರು. ಉಳಿದದ್ದನ್ನು ಮೊಣಕಾಲು ನೋಡಿಕೊಳ್ಳಬೇಕು. ಇದೇ ದಿಣ್ಣೆಯ ಪ್ರಶ್ನೆ ಫ್ರಾನ್ಸಿನಲ್ಲಿ ಮೂರು ದಶಕಗಳಿಗೂ ಮೀರಿದ ವ್ಯಾಜ್ಯವಾಗಿ ಬೆಳೆಯಿತು. ಗೇರು ಬದಲಿಸಿ ಬೆಟ್ಟ ಹತ್ತಿದವನು ನಿಜವಾಗಿ ಹತ್ತಿದನೇ ಎಂಬುದು ಅದರ ವಸ್ತು.

ಮೊದಲು ಲೆಕ್ಕವನ್ನು ನೋಡೋಣ. ಪೆಡಲಿನ ಬಳಿಯ ಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 16 ಹಲ್ಲು ಎಂದುಕೊಳ್ಳಿ. ಪೆಡಲು ಒಂದು ಸುತ್ತು ಬಂದರೆ ಹಿಂಗಾಲಿ ಮೂರು ಸುತ್ತು ಬರುತ್ತದೆ. ಚೈನನ್ನು 24 ಹಲ್ಲಿನ ಚಕ್ರಕ್ಕೆ ದಾಟಿಸಿದರೆ ಎರಡೇ ಸುತ್ತು. ಸಾಗುವ ದೂರ ಕಡಿಮೆ, ಕಾಲಿಗೆ ಬೀಳುವ ಭಾರವೂ ಕಡಿಮೆ. ಬೆಟ್ಟವೇನೂ ತಗ್ಗುವುದಿಲ್ಲ. ಅದರ ಸಾಲವನ್ನು ಸಣ್ಣ ಸಣ್ಣ ಕಂತುಗಳಲ್ಲಿ ತೀರಿಸಲು ಅವಕಾಶ ಸಿಗುತ್ತದೆ, ಅಷ್ಟೆ.

ಈ ಕಂತಿನ ಪರವಾಗಿ ವಾದಿಸಿದವನು ಸೇಂತ್ ಎತಿಯೆನ್ ಪಟ್ಟಣದ ರೇಷ್ಮೆ ವ್ಯಾಪಾರಿ ಪೌಲ್ ದ ವಿವೀ. 1853ರಲ್ಲಿ ಹುಟ್ಟಿದ ಈತ 'ವೆಲೋಸಿಯೊ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. 1887ರಲ್ಲಿ ಸೈಕಲ್ಲಿಗಾಗಿಯೇ ಒಂದು ಪತ್ರಿಕೆಯನ್ನು ಆರಂಭಿಸಿದ. ಆತನ ಮೊದಲ ಪ್ರಯೋಗಗಳಲ್ಲಿ ಚೈನನ್ನು ಕೈಯಿಂದಲೇ ಎತ್ತಿ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಹಾಕಬೇಕಿತ್ತು. ಬೆರಳಿಗೆ ಎಣ್ಣೆಮಸಿ ಹತ್ತಿದರೂ ಎದೆಗೆ ಏದುಸಿರು ತಪ್ಪಿತು.

ಎದುರುವಾದಿ ಆನ್ರಿ ದೆಗ್ರಾಂಜ್ ಸಾಮಾನ್ಯನಲ್ಲ. 1893ರಲ್ಲಿ ಒಂದು ಗಂಟೆಯಲ್ಲಿ 35 ಕಿಲೋಮೀಟರಿಗೂ ಹೆಚ್ಚು ದೂರ ತುಳಿದು ದಾಖಲೆ ಮಾಡಿದ್ದವನು; 1903ರಲ್ಲಿ ಟೂರ್ ಡಿ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಪತ್ರಿಕಾ ಸಂಪಾದಕ. ಗೇರು ಬದಲಿಸುವ ಸೌಕರ್ಯ ನಲವತ್ತೈದು ದಾಟಿದವರಿಗೆ ಮಾತ್ರ, ಗೆಲ್ಲುವುದಾದರೆ ಸ್ನಾಯುಬಲದಿಂದ ಗೆಲ್ಲಬೇಕು ಎಂಬುದು ಆತನ ನಿಲುವು. ಮೊದಲ ವರ್ಷದ ಟೂರ್ ಸಾಗಿದ್ದು ವೆಲೋಸಿಯೊನ ಊರಿನ ಪಕ್ಕದ, ಸಾವಿರ ಮೀಟರಿಗೂ ಮೀರಿದ ಘಟ್ಟದ ಮೇಲೆಯೇ.

ಮುಂದೆ ಟೂರಿನ ಸವಾರರಿಗೆ ಸಿಕ್ಕ ರಿಯಾಯಿತಿ ವಿಚಿತ್ರವಾದದ್ದು. ಹಿಂಗಾಲಿಯ ಎರಡು ಬದಿಗೂ ಒಂದೊಂದು ಹಲ್ಲುಚಕ್ರ. ಏರು ಬಂದರೆ ಇಳಿಯಬೇಕು, ತಿರುಪುಗಳನ್ನು ಸಡಿಲಿಸಬೇಕು, ಗಾಲಿಯನ್ನು ಕಳಚಿ ತಿರುಗಿಸಿ ಹಾಕಬೇಕು. ಯಂತ್ರ ಕಾಲಿಗೆ ನೆರವಾದರೆ ಮೋಸ, ಅದೇ ನೆರವನ್ನು ರಸ್ತೆಯಂಚಿನಲ್ಲಿ ಮಂಡಿಯೂರಿ ಪಡೆದರೆ ಪೌರುಷ! 1927ರಲ್ಲಿ ಇಟಲಿಯ ಪರ್ವತದ ದಾರಿಯೊಂದರಲ್ಲಿ ತುಲ್ಲಿಯೊ ಕಂಪಾಞೊಲೊ ಎಂಬ ಸವಾರನ ಬೆರಳುಗಳು ಚಳಿಗೆ ಮರಗಟ್ಟಿ ತಿರುಪು ಬಿಚ್ಚಲಾಗದೆ ಹೋಯಿತು, ಅಲ್ಲಿಂದಲೇ ಆತ ಗಾಲಿಯನ್ನು ಥಟ್ಟನೆ ಕಳಚುವ ಲಿವರನ್ನು ಕಲ್ಪಿಸಿಕೊಂಡ ಎಂಬ ಕಥೆ ಪ್ರಸಿದ್ಧವಾಗಿದೆ. ಕಥೆಯನ್ನು ಸಂದೇಹಿಸುವವರಿದ್ದಾರೆ, ತಿರುಪಿನ ಕಷ್ಟವನ್ನು ಯಾರೂ ಸಂದೇಹಿಸುವುದಿಲ್ಲ.

ವೆಲೋಸಿಯೊ 1930ರಲ್ಲಿ ತೀರಿಕೊಂಡ. ದೆಗ್ರಾಂಜ್ ಅಸ್ವಸ್ಥನಾಗಿ ಪಂದ್ಯದ ಹೊಣೆ ಬೇರೆಯವರ ಕೈಸೇರಿದ ಮೇಲೆ, 1937ರಲ್ಲಿ, ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೇಲರಿಗೆ ಟೂರ್ ಬಾಗಿಲು ತೆರೆಯಿತು. ಆ ವರ್ಷ ಗೆದ್ದ ರೋಜೆ ಲಾಪೆಬೀ ಅದನ್ನು ಬಳಸಿಯೇ ಗೆದ್ದ.

ಮುಂದಿನದು ಕೈಗೂ ಗೇರಿಗೂ ನಡುವಿನ ದೂರ ಕರಗಿದ ಕಥೆ. 1948ರಲ್ಲಿ ಜೀನೊ ಬಾರ್ತಾಲಿ ಟೂರ್ ಗೆದ್ದಾಗ ಲಿವರುಗಳು ಇನ್ನೂ ಸೀಟಿನ ಹಿಂದೆ ಇದ್ದವು. ಬೆನ್ನ ಹಿಂದೆ ಕೈ ಚಾಚಿ, ಪೆಡಲನ್ನು ಹಿಮ್ಮುಖವಾಗಿ ತುಳಿಯುತ್ತ ಗೇರು ಬದಲಿಸಬೇಕಿತ್ತು. 1950ರ ಸುಮಾರಿಗೆ ಕಂಪಾಞೊಲೊ ಹೊರತಂದ ಡಿರೇಲರಿನಲ್ಲಿ ಲಿವರು ಫ್ರೇಮಿನ ಇಳಿಗೊಳವೆಗೆ ಬಂತು. ಲಿವರು ಸೆಳೆದರೆ ತಂತಿ ಬಿಗಿಯುತ್ತದೆ. ತಂತಿ ಬಿಗಿದರೆ ಎರಡು ಪುಟ್ಟ ಗಾಲಿಗಳಿರುವ ತೋಳು ಪಕ್ಕಕ್ಕೆ ಸರಿದು ಚೈನನ್ನು ಮುಂದಿನ ಹಲ್ಲಿಗೆ ದೂಡುತ್ತದೆ. ಬಿಟ್ಟರೆ ಸ್ಪ್ರಿಂಗು ಹಿಂದಕ್ಕೆ ತರುತ್ತದೆ. ಎಷ್ಟು ಸೆಳೆಯಬೇಕೆಂಬುದಕ್ಕೆ ಗುರುತಿರಲಿಲ್ಲ. ಚೈನು ಗೊರಗುಟ್ಟಿದರೆ ಕೂದಲೆಳೆಯಷ್ಟು ಹೆಚ್ಚು, ಸದ್ದಡಗಿದರೆ ಸಾಕು. ಗೇರು ಬದಲಿಸುವುದು ಅರ್ಧ ಕಿವಿಯ ವಿದ್ಯೆಯಾಗಿತ್ತು. ದೆಗ್ರಾಂಜ್ ಹೇಳಿದಂತೆ ಸವಾರನೇನೂ ಮೈಗಳ್ಳನಾಗಿರಲಿಲ್ಲ.

1984ರಲ್ಲಿ ಜಪಾನಿನ ಶಿಮಾನೊ ಕಂಪನಿ ಲಿವರಿನೊಳಗೆ ಮೆಟ್ಟಿಲುಗಳನ್ನು ಕೂರಿಸಿತು: ಒಂದು 'ಟಿಕ್' ಎಂದರೆ ಒಂದು ಹಲ್ಲುಚಕ್ರ. 1990ರಲ್ಲಿ ಅದೇ ಲಿವರು ಬ್ರೇಕಿನ ಹಿಡಿಯೊಳಗೆ ಸೇರಿ, ಕೈ ಹ್ಯಾಂಡಲ್ಲು ಬಿಡುವ ಅಗತ್ಯವೇ ಇಲ್ಲವಾಯಿತು. 2009ರಲ್ಲಿ ಅದೇ ಕಂಪನಿ ತಂತಿ ಸೆಳೆಯುವ ಬದಲು ಪುಟ್ಟ ಮೋಟಾರಿಗೆ ವಿದ್ಯುತ್ ಸಂಜ್ಞೆ ಕಳಿಸುವ ಗುಂಡಿಯನ್ನು ತಂದಿತು. ಗುಂಡಿ ಒತ್ತುವ ಬೆರಳಿಗೆ ಚೈನಿನ ಎಳೆತ ತಿಳಿಯುವುದಿಲ್ಲ.