ಹಳೆಯ ಪಕ್ಷಿಚಿತ್ರಪಟಗಳ ಸಂಗ್ರಹ

ಹಳೆಯ ವಸ್ತುಗಳನ್ನು ಕೂಡಿಡುವ ಹವ್ಯಾಸವು ಬಹು ಜನರಿಗುಂಟು. ಒಬ್ಬರು ನಾಣ್ಯಗಳನ್ನು ಅರಸುವರು, ಮತ್ತೊಬ್ಬರು ತಾಳೆಯ ಗರಿಗಳನ್ನು ಅರಸುವರು. ಇಂಗ್ಲೆಂಡ್, ಅಮೆರಿಕ ಮುಂತಾದ ದೇಶಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಪಕ್ಷಿಚಿತ್ರಪಟಗಳಿಗೆ ಮನಸೋತವರು ಅನೇಕರಿದ್ದಾರೆ. ಈ ಪಟಗಳಲ್ಲಿ ಗೆರೆ ಮತ್ತು ನೆರಳು ಮಾತ್ರ ಅಚ್ಚಿನವು. ಬಣ್ಣವು ಒಂದೊಂದು ಹಾಳೆಗೂ ಬೇರೆ ಬೇರೆಯಾಗಿ ಕುಂಚದಿಂದ ತುಂಬಿದುದು. ಪಟದ ಅಡಿಯಲ್ಲಿ ಚಿತ್ರ ಬರೆದವನ ಹೆಸರಿರುವುದು, ಕೆತ್ತಿದವನ ಹೆಸರಿರುವುದು. ಬಣ್ಣ ತುಂಬಿದವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಈ ಹೆಸರಿಲ್ಲದವರ ಕೆಲಸವು ಹೇಗೆ ನಡೆಯಿತೆಂಬುದನ್ನೂ, ಅದನ್ನು ಕೂಡಿಡುವ ಉತ್ಸಾಹದಲ್ಲಿ ನಾವು ಅದಕ್ಕೆ ಮಾಡುವ ಕೇಡನ್ನೂ ಇಲ್ಲಿ ವಿಚಾರಮಾಡೋಣ.

ಈ ಜಾತಿಯ ಗ್ರಂಥಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಜಾನ್ ಜೇಮ್ಸ್ ಆಡುಬಾನನ 'ಅಮೆರಿಕದ ಪಕ್ಷಿಗಳು' ಎಂಬುದು. ಆಡುಬಾನನು 1785ರಲ್ಲಿ, ಇಂದು ಹೈಟಿ ಎನಿಸಿಕೊಳ್ಳುವ ದ್ವೀಪಭಾಗದಲ್ಲಿ ಹುಟ್ಟಿ, ಅಮೆರಿಕದಲ್ಲಿ ನೆಲಸಿದನು. ಹಕ್ಕಿಗಳನ್ನು ಹೊಡೆದು, ಅವು ಹೊಸದಾಗಿರುವಾಗಲೇ ತಂತಿಗಳಿಂದ ಜೀವಂತ ಭಂಗಿಯಲ್ಲಿ ನಿಲ್ಲಿಸಿ, ಅವುಗಳ ನಿಜಪ್ರಮಾಣದಲ್ಲಿಯೇ ಚಿತ್ರಿಸುವುದು ಆತನ ಪದ್ಧತಿ. ಈ ಚಿತ್ರಗಳನ್ನು ಅಚ್ಚುಹಾಕಿಸುವುದಕ್ಕಾಗಿ 1826ರಲ್ಲಿ ಆತನು ಬ್ರಿಟನ್ನಿಗೆ ಹೋದನು. ಎಡಿನ್‌ಬರೋ ನಗರದ ಲಿಜಾರ್ಸ್ ಎಂಬ ಕೆತ್ತನೆಗಾರನು ಕೆಲಸವನ್ನು ಕೈಗೊಂಡು ಮೊದಲ ಹತ್ತು ಪಟಗಳನ್ನು ಕೆತ್ತಿದನು. ಆದರೆ 1827ರಲ್ಲಿ ಆ ಕಾರ್ಯಾಲಯದ ಬಣ್ಣಗಾರರು ಮುಷ್ಕರ ಹೂಡಿ ಕೆಲಸವನ್ನು ನಿಲ್ಲಿಸಿಬಿಟ್ಟರು. ಅಷ್ಟು ದೊಡ್ಡ ಉದ್ಯಮವು ನಿಂತುಹೋದುದು ಕಲಾವಿದನ ದೋಷದಿಂದಲ್ಲ, ಕೆತ್ತನೆಗಾರನ ದೋಷದಿಂದಲ್ಲ. ಕೂಲಿಗೆ ಕುಂಚ ಹಿಡಿದವರು ಕುಂಚವನ್ನು ಕೆಳಗಿಟ್ಟುದರಿಂದ. ಇಡೀ ಚರಿತ್ರೆಯಲ್ಲಿ ಅವರು ಇದ್ದರೆಂಬುದು ಎದ್ದು ಕಾಣುವುದು ಇಂತಹ ಗಳಿಗೆಯಲ್ಲಿಯೇ.

ಆಡುಬಾನನು ಲಂಡನ್ನಿಗೆ ಹೋಗಿ ರಾಬರ್ಟ್ ಹ್ಯಾವೆಲ್ ಎಂಬಾತನನ್ನು ಆಶ್ರಯಿಸಿದನು. ಕೆಲಸವು 1838ರ ವರೆಗೆ ನಡೆಯಿತು. ಪಟಗಳು 435, ಒಂದು ಕಂತಿಗೆ ಐದರಂತೆ 87 ಕಂತುಗಳಾಗಿ ಚಂದಾದಾರರಿಗೆ ಹೋದುವು. ಹಾಳೆಯ ಉದ್ದವು ಮೂರು ಅಡಿಗೂ ಹೆಚ್ಚು. ತಾಮ್ರದ ತಗಡಿನ ಮೇಲೆ ಗೆರೆಗಳನ್ನು ಕೊರೆದು, ನೆರಳಿನ ಭಾಗಕ್ಕೆ ರಾಳದ ಪುಡಿಯನ್ನು ಅಂಟಿಸಿ ಆಮ್ಲದಿಂದ ತಿನ್ನಿಸಿ, ಕಪ್ಪು ಮಸಿಯಲ್ಲಿ ಅಚ್ಚು ತೆಗೆಯುತ್ತಿದ್ದರು. ಆಮೇಲೆ ಹಾಳೆಗಳು ಬಣ್ಣಗಾರರ ಕೈಗೆ ಬರುತ್ತಿದ್ದುವು. ಹ್ಯಾವೆಲ್ಲನ ಕಾರ್ಯಾಲಯದಲ್ಲಿ ಇಂತಹವರು ಸುಮಾರು ಐವತ್ತು ಮಂದಿ ಇದ್ದರೆಂದು ಹೇಳುವರು. ಮಾದರಿಯ ಪಟವೊಂದನ್ನು ಮುಂದಿಟ್ಟುಕೊಂಡು ಅದರಂತೆಯೇ ಬಣ್ಣವನ್ನು ತುಂಬಬೇಕು. ಪೂರ್ಣ ಪ್ರತಿಗಳು ಇನ್ನೂರರ ಸಮೀಪವೆಂದು ಅಂದಾಜು. ನೂರೆಪ್ಪತ್ತೈದೆಂದೇ ಎಣಿಸಿದರೂ 76,000 ಹಾಳೆಗಳಾಗುವುವು. ಅಷ್ಟು ಹಾಳೆಗಳ ಕೊಕ್ಕು, ಕಣ್ಣು, ಗರಿ ಒಂದೊಂದೂ ಮನುಷ್ಯನ ಬೆರಳಿನ ಕೆಲಸ.

ಹ್ಯಾವೆಲ್ಲನ ಬಣ್ಣಗಾರರು ಅಮೆರಿಕದ ಕಾಡನ್ನು ಕಂಡವರಲ್ಲ. ಆದರೂ ಪ್ಯಾಸೆಂಜರ್ ಪಿಜನ್ ಎಂಬ ಕಾಡುಪಾರಿವಾಳದ ಎದೆಯ ಕೆಂಪು ಲಂಡನ್ನಿನ ಮೇಜಿನ ಮೇಲೆ ಅವರ ಕುಂಚದಿಂದ ಮೂಡಿತು. ಆಕಾಶವನ್ನೇ ಮುಚ್ಚುವಂತೆ ಹಾರುತ್ತಿದ್ದ ಆ ಪಕ್ಷಿಯನ್ನು ಮನುಷ್ಯರು ಬೇಟೆಯಾಡಿ ತೀರಿಸಿದರು. ಕೊನೆಯದು 1914ರ ಸೆಪ್ಟೆಂಬರ್ 1ರಂದು ಸಿನ್‌ಸಿನಾಟಿಯ ಮೃಗಶಾಲೆಯಲ್ಲಿ ಸತ್ತಿತು. ಕ್ಯಾರೊಲೀನಾದ ಗಿಳಿಯೂ ಅದೇ ದಾರಿಯನ್ನು ಹಿಡಿಯಿತು. ಈಗ ಉಳಿದಿರುವುವು ವಸ್ತುಸಂಗ್ರಹಾಲಯಗಳ ಒಣ ಚರ್ಮಗಳು ಮತ್ತು ಇಂತಹ ಪಟಗಳು. ಆದುದರಿಂದ ಇವನ್ನು ಗೋಡೆಯ ಅಲಂಕಾರವೆಂದಷ್ಟೇ ಎಣಿಸುವುದು ಸಲ್ಲದು.

ಇಂಗ್ಲೆಂಡಿನ ಜಾನ್ ಗೌಲ್ಡನ ಹೆಸರಿನಲ್ಲಿ ಸುಮಾರು 3,000 ಪಟಗಳು ಹೊರಬಂದಿವೆ. ಇವು ತಾಮ್ರದವಲ್ಲ, ಕಲ್ಲಚ್ಚಿನವು. ಮೊದಲನೆಯ ಗ್ರಂಥವು ನಮ್ಮ ಹಿಮಾಲಯದ ಪಕ್ಷಿಗಳನ್ನು ಕುರಿತುದು. ಅದರ 80 ಪಟಗಳನ್ನು ಕಲ್ಲಿನ ಮೇಲೆ ಬರೆದಾಕೆ ಆತನ ಪತ್ನಿ ಎಲಿಜಬೆತ್. ಆಕೆ ಹಿಮಾಲಯವನ್ನು ನೋಡಿರಲಿಲ್ಲ. ಲಂಡನ್ನಿಗೆ ಬಂದ ಚರ್ಮಗಳನ್ನು ನೋಡಿ ಬರೆದಳು. 1838ರಲ್ಲಿ ಪತಿಯೊಡನೆ ಆಸ್ಟ್ರೇಲಿಯಕ್ಕೆ ಹೋಗಿ ಅಲ್ಲಿಯ ಹಕ್ಕಿಗಳನ್ನು ಚಿತ್ರಿಸಿದಳು. ಹಿಂದಿರುಗಿದ ಮರುವರ್ಷ, 1841ರಲ್ಲಿ, ಎಂಟನೆಯ ಹೆರಿಗೆಯ ತರುವಾಯ ತೀರಿಕೊಂಡಳು. ಅಂಗಡಿಯವರು ಇಂದಿಗೂ ಆಕೆಯ ಪಟಗಳನ್ನು 'ಗೌಲ್ಡನ ಪಟ'ವೆಂದೇ ಮಾರುವರು.

ನಮ್ಮ ದಕ್ಷಿಣದಲ್ಲಿಯೂ ಇದಕ್ಕೊಂದು ನಿದರ್ಶನವಿದೆ. ಮದರಾಸಿನ ಸೈನ್ಯದಲ್ಲಿ ವೈದ್ಯನಾಗಿದ್ದ ಜರ್ಡನ್ ಎಂಬಾತನು 1843ರಿಂದ 1847ರ ವರೆಗೆ ಬಹುಮಟ್ಟಿಗೆ ದಕ್ಷಿಣ ಭಾರತದ ಹಕ್ಕಿಗಳದೇ ಆದ 50 ಪಟಗಳ ಗ್ರಂಥವನ್ನು ಹೊರಡಿಸಿದನು. ಅದರ ಚಿತ್ರಗಳು ಈ ದೇಶದ ಚಿತ್ರಗಾರರ ಕೆಲಸ. ಹಕ್ಕಿಯ ಹೆಸರು, ಗ್ರಂಥಕರ್ತನ ಹೆಸರು ಉಳಿದುವು. ಅವರ ಹೆಸರು ಹೆಚ್ಚಾಗಿ ಪ್ರಸಿದ್ಧವಾಗಲಿಲ್ಲ.

ಇನ್ನು ಸಂಗ್ರಾಹಕರ ವಿಷಯ. ನಾವು ಇದರಲ್ಲಿ ಮೊದಲು ಮೋಸಹೋದವರು. ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಕೊಂಡ ಪಟವನ್ನು ಮನೆಯಲ್ಲಿ ಭೂತಗನ್ನಡಿಯಿಂದ ನೋಡಿದಾಗ ಬಣ್ಣವೆಲ್ಲ ಸಾಲುಸಾಲಾದ ಚುಕ್ಕೆಗಳಾಗಿ ಒಡೆಯಿತು. ಅದು ಯಂತ್ರದ ಮುದ್ರಣ. ಕೈಬಣ್ಣವಾದರೆ ತೆಳ್ಳಗೆ ಹರಡಿ, ಅಲ್ಲಲ್ಲಿ ಗೆರೆಯನ್ನು ದಾಟಿರುವುದು. ತಾಮ್ರದ ಅಚ್ಚಾದರೆ ತಗಡಿನ ಅಂಚು ಕಾಗದದಲ್ಲಿ ಒತ್ತಿದ ಗುರುತಿರಬೇಕು. ಹ್ಯಾವೆಲ್ಲನ ಹಾಳೆಯನ್ನು ಬೆಳಕಿಗೆ ಹಿಡಿದರೆ ವಾಟ್‌ಮನ್ ಎಂಬ ಕಾಗದದ ಹೆಸರೂ ವರ್ಷವೂ ನೀರುಗುರುತಾಗಿ ತೋರುವುವು. ಬಣ್ಣವಿಲ್ಲದ ಹಳೆಯ ಅಚ್ಚಿಗೆ ಬೆಲೆ ಏರಲೆಂದು ಈಚೆಗೆ ಬಣ್ಣ ಹಚ್ಚುವವರೂ ಉಂಟು.

ಎರಡನೆಯ ಸಲ ನಮಗೆ ದೊರೆತುದು ನಿಜವಾದ ಪಟ. ಆಡುಬಾನನ ಚಿಕ್ಕ ಆವೃತ್ತಿಯದು, 1840ರಿಂದ 1844ರ ವರೆಗೆ ಫಿಲಡೆಲ್ಫಿಯದಲ್ಲಿ ಕಲ್ಲಚ್ಚಿನಲ್ಲಿ ತೆಗೆದುದು. ಸಂತೋಷದಿಂದ ತಿರುಗಿಸಿ ನೋಡುತ್ತಿರುವಾಗ ಎಡದ ಅಂಚಿನಲ್ಲಿ ಹೊಲಿಗೆಯ ತೂತುಗಳು ಕಂಡುವು. ಯಾರೋ ಪುಸ್ತಕವೊಂದನ್ನು ಬಿಚ್ಚಿ, ಹಾಳೆಹಾಳೆಯಾಗಿ ಮಾರಿದ್ದರು, ನಾವು ಕೊಂಡಿದ್ದೆವು. ಕೊಳ್ಳುವವರಿಲ್ಲದಿದ್ದರೆ ಬಿಚ್ಚುವವರೂ ಇರುತ್ತಿರಲಿಲ್ಲವಷ್ಟೆ! ದೊಡ್ಡ ಆವೃತ್ತಿಯ ಪೂರ್ಣ ಪ್ರತಿಗಳು ಇಂದು ಸುಮಾರು 120 ಮಾತ್ರವೇ ತಿಳಿದಿವೆ. 2010ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅಂಥ ಒಂದು ಪ್ರತಿಗೆ 73 ಲಕ್ಷ ಪೌಂಡಿಗೂ ಮಿಕ್ಕ ಬೆಲೆ ಬಂದಿತು. ಇಷ್ಟು ಬೆಲೆಯುಳ್ಳದ್ದನ್ನು ಈಗ ಯಾರೂ ಬಿಚ್ಚಲಾರರು. ಅಪಾಯವಿರುವುದು ಚಿಕ್ಕ ಗ್ರಂಥಗಳಿಗೆ.

ಬಿಡಿ ಹಾಳೆಯಿಂದಲ್ಲವೇ ಸಾಮಾನ್ಯ ಮನುಷ್ಯನಿಗೂ ಒಂದು ಪಟ ದೊರೆಯುವುದೆಂದು ವ್ಯಾಪಾರಿಗಳು ಕೇಳುವರು. ಈ ಮಾತಿನಲ್ಲಿಯೂ ಸತ್ಯವಿದೆ. ಗೆದ್ದಲು ಹಿಡಿದೋ ನೀರಿನಲ್ಲಿ ನೆನೆದೋ ಕೆಟ್ಟ ಪುಸ್ತಕದ ಉಳಿದ ಹಾಳೆಗಳನ್ನು ಕಾಪಾಡುವುದು ಪುಣ್ಯವೇ. ಗಟ್ಟಿಯಾದ ಪುಸ್ತಕವನ್ನು ಲಾಭಕ್ಕಾಗಿ ಕತ್ತರಿಸುವುದು ಬೇರೆ. ಹಾಗೆ ಮಾಡಿದಾಗ ಚಿತ್ರವು ತನ್ನ ವಿವರಣೆಯಿಂದ ಅಗಲುವುದು, ವರ್ಷವೂ ಕ್ರಮವೂ ಕಳೆದುಹೋಗುವುವು; ಬಣ್ಣ ತುಂಬಿದವರು ಯಾರೆಂದು ಮುಂದೆ ವಿಚಾರಿಸುವವನಿಗೆ ಉಳಿದಿದ್ದ ಸುಳಿವೂ ಅಳಿಸುವುದು.

ಆದುದರಿಂದ ಈ ಹವ್ಯಾಸಕ್ಕೆ ಇಳಿಯುವವರಲ್ಲಿ ನಮ್ಮ ಬಿನ್ನಹವಿಷ್ಟೆ. ಹಾಳೆಯು ಎಲ್ಲಿಂದ ಬಂದಿತೆಂದು ಕೇಳಿ; ಉತ್ತರ ದೊರೆಯದಿದ್ದರೆ ಬಿಟ್ಟುಬಿಡಿ. ಕೊಂಡುದರ ಅಂಚನ್ನು ಚೌಕಟ್ಟಿಗಾಗಿ ಕತ್ತರಿಸಬೇಡಿ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ನೀರುಬಣ್ಣವು ಬೆಳಕಿಗೆ ಮಾಸುವುದು, ಒಮ್ಮೆ ಮಾಸಿದುದು ಮರಳಿ ಬಾರದು. ನಾವು ನಮ್ಮ ಪಟವನ್ನು ಗೋಡೆಯಿಂದ ಇಳಿಸಿ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಮನೆಗೆ ಬಂದ ವಿದ್ಯಾರ್ಥಿಗಳಿಗೆ ತೆಗೆದು ತೋರಿಸುವಾಗ, ಹಕ್ಕಿಯ ಹೆಸರನ್ನು ಹೇಳುವುದಕ್ಕೆ ಮುಂಚೆ ಹೊಲಿಗೆಯ ತೂತುಗಳನ್ನು ತೋರಿಸುವೆವು.