ಹೃದಯ ಪುನಶ್ಚೇತನದಲ್ಲಿ ಮಾನಸಿಕ ಆಸರೆ: ಚಾರಿತ್ರಿಕ ನೋಟ

ಹೃದಯಾಘಾತವಾದವರು, ಬೈಪಾಸ್ ಮಾಡಿಸಿಕೊಂಡವರು ಮತ್ತೆ ದಿನನಿತ್ಯದ ಬದುಕಿಗೆ ಮರಳಲು ನೆರವಾಗುವ ಕ್ರಮಬದ್ಧ ಆರೈಕೆಗೆ ಹೃದಯ ಪುನಶ್ಚೇತನ ಎಂದು ಹೆಸರು. ವ್ಯಾಯಾಮ, ಪಥ್ಯ, ಔಷಧಿಗಳ ಜೊತೆಗೆ ರೋಗಿಯ ಭಯ, ಆತಂಕ, ಖಿನ್ನತೆಗಳನ್ನು ಗುರುತಿಸಿ ಉಪಚರಿಸುವುದೂ ಅದರ ಒಂದು ಅಂಗ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡ ಈ ಅಂಗವನ್ನು ಒಂದು ಪ್ರಶ್ನೆ ಬಿಡದೆ ಹಿಂಬಾಲಿಸಿದೆ: ಮನಸ್ಸಿಗೆ ಧೈರ್ಯ ತುಂಬಿದರೆ ರೋಗಿಯ ಆಯುಷ್ಯ ಹೆಚ್ಚುತ್ತದೆಯೆ?

1930ರ ದಶಕದಲ್ಲಿ ಹೃದಯಾಘಾತವಾದವರಿಗೆ ಆರು ವಾರ ಹಾಸಿಗೆಯೇ ಗತಿ. ಗಾಯಗೊಂಡ ಹೃದಯ ಸ್ವಲ್ಪ ಶ್ರಮಕ್ಕೂ ಒಡೆದುಹೋದೀತು ಎಂಬುದು ವೈದ್ಯರ ಅಂಜಿಕೆ. ಆ ಅಂಜಿಕೆ ರೋಗಿಗೂ ಅಂಟುತ್ತಿತ್ತು. ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಅವರ ಕಿರಿಯ ಸಹೋದ್ಯೋಗಿ ಬರ್ನಾರ್ಡ್ ಲೌನ್ ಈ ಪದ್ಧತಿಯನ್ನು ಮುರಿದರು. 81 ರೋಗಿಗಳನ್ನು ಬೇಗನೆ ಹಾಸಿಗೆಯಿಂದೆತ್ತಿ, ಕಾಲು ಇಳಿಬಿಟ್ಟು ಆರಾಮಕುರ್ಚಿಯಲ್ಲಿ ಕೂರಿಸಿದ ಅವರ ವರದಿ 1952ರಲ್ಲಿ ಪ್ರಕಟವಾಯಿತು. ಕೂತದ್ದರಿಂದ ಕೆಡುಕಾಗಲಿಲ್ಲ, ರೋಗಿಗಳಿಗೆ ಗೆಲುವೂ ಬಂತು. ಅದಕ್ಕೆ ಒಂದು ವರ್ಷ ಮೊದಲು ಅದೇ ಊರಿನಲ್ಲಿ, ಶಸ್ತ್ರವೈದ್ಯ ಡ್ವೈಟ್ ಹಾರ್ಕನ್ ಅವರಿಂದ ಚಿಕಿತ್ಸೆ ಪಡೆದವರೇ ಸೇರಿ 'ಮೆಂಡೆಡ್ ಹಾರ್ಟ್ಸ್' ಎಂಬ ಸಂಘ ಕಟ್ಟಿದ್ದರು. ಗುಣವಾದವರು ಹೊಸ ರೋಗಿಯ ಬಳಿ ಕುಳಿತು ಮಾತಾಡುವುದು ಅದರ ಕೆಲಸ. ಮಾನಸಿಕ ಆಸರೆಯ ಮೊದಲ ಸಂಘಟಿತ ರೂಪಗಳಲ್ಲೊಂದು ರೋಗಿಗಳಿಂದಲೇ ಬಂತು ಎಂಬುದನ್ನು ಈ ಚರಿತ್ರೆ ಬರೆಯುವವರು ಮರೆಯಬಾರದು.

1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾಯಿತು. ವೈದ್ಯ ಪಾಲ್ ಡಡ್ಲಿ ವೈಟ್ ಪತ್ರಕರ್ತರೆದುರು ರೋಗದ ಸ್ವರೂಪವನ್ನು ಬಿಡಿಸಿ ಹೇಳಿದರು. ಮರುವರ್ಷ ಅಧ್ಯಕ್ಷರು ಮತ್ತೆ ಚುನಾವಣೆ ಗೆದ್ದರು. ಹೃದಯಾಘಾತವಾದವನು ಕೆಲಸಕ್ಕೆ ಮರಳಬಲ್ಲ ಎಂಬುದಕ್ಕೆ ಜನರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. 1964ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪುನಶ್ಚೇತನವನ್ನು ವ್ಯಾಖ್ಯಾನಿಸುವಾಗ ದೈಹಿಕ ಸ್ಥಿತಿಯ ಜೊತೆಗೆ ಮಾನಸಿಕ, ಸಾಮಾಜಿಕ ಸ್ಥಿತಿಗಳನ್ನೂ ಸೇರಿಸಿತು.

ಅಷ್ಟರಲ್ಲಿ ಹೃದ್ರೋಗಿಗಳ ತೀವ್ರ ನಿಗಾ ಘಟಕಗಳು ಬಂದಿದ್ದವು. ಮೈಗೆ ತಂತಿ, ತಲೆಯ ಬಳಿ ಬೀಪ್ ಎನ್ನುವ ಮಾನಿಟರ್, ಪಕ್ಕದ ಹಾಸಿಗೆಯಲ್ಲಿ ಯಾರದೋ ಹೃದಯ ನಿಂತಾಗಿನ ಓಡಾಟ. ಇದೆಲ್ಲ ರೋಗಿಯನ್ನು ಇನ್ನಷ್ಟು ಹೆದರಿಸುತ್ತದೆಯೆ ಎಂದು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಮನೋವೈದ್ಯರಾದ ಥಾಮಸ್ ಹ್ಯಾಕೆಟ್ ಮತ್ತು ನೆಡ್ ಕ್ಯಾಸೆಮ್ 1960ರ ದಶಕದ ಕೊನೆಯಲ್ಲಿ ವಿಚಾರಿಸಿ ನೋಡಿದರು. ಅನೇಕರಿಗೆ ಮಾನಿಟರ್ ಧೈರ್ಯವನ್ನೇ ತಂದಿತ್ತು. ಮೊದಲ ಒಂದೆರಡು ದಿನ ಆತಂಕ, ಮೂರನೆಯ ದಿನದ ಹೊತ್ತಿಗೆ ಖಿನ್ನತೆ ಎಂದು ಅವರು ಗುರುತಿಸಿದ ಕ್ರಮ ಶುಶ್ರೂಷೆಗೆ ದಾರಿ ತೋರಿತು. ಘಟಕದಿಂದ ಸಾಮಾನ್ಯ ವಾರ್ಡಿಗೆ ಸಾಗಿಸುವ ಗಳಿಗೆಯೂ ಕಷ್ಟದ್ದೇ ಎಂದು 1968ರ ಮತ್ತೊಂದು ಅಧ್ಯಯನ ತೋರಿಸಿತು. ಮೊದಲೇ ತಿಳಿಹೇಳಿ, ಪರಿಚಿತ ದಾದಿಯೇ ವಾರ್ಡಿನಲ್ಲೂ ನೋಡಿಕೊಂಡಾಗ ತೊಂದರೆ ಇಳಿಯಿತು.

ಇದೇ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫ್ರೀಡ್‌ಮನ್ ಮತ್ತು ರೋಸೆನ್‌ಮನ್ ಸದಾ ಧಾವಂತದಲ್ಲಿರುವ 'ಟೈಪ್ ಎ' ಸ್ವಭಾವವೇ ಹೃದ್ರೋಗದ ಮೂಲಗಳಲ್ಲೊಂದೆಂದು ವಾದಿಸಿದರು. ಮುಂದಿನ ಅಧ್ಯಯನಗಳು ಅದನ್ನು ಹೆಚ್ಚಾಗಿ ಸಮರ್ಥಿಸಲಿಲ್ಲ. ಗಮನ ಖಿನ್ನತೆಯ ಕಡೆ ತಿರುಗಿತು. ಮಾಂಟ್ರಿಯಲ್‌ನಲ್ಲಿ ನ್ಯಾನ್ಸಿ ಫ್ರೇಶರ್‌-ಸ್ಮಿತ್ ಮತ್ತು ಸಂಗಡಿಗರು 222 ರೋಗಿಗಳನ್ನು ಗಮನಿಸಿ 1993ರಲ್ಲಿ ಪ್ರಕಟಿಸಿದ ವರದಿಯಂತೆ, ಆರು ತಿಂಗಳೊಳಗೆ ತೀರಿಕೊಂಡವರು ಖಿನ್ನರಲ್ಲಿ ಶೇ. 17, ಉಳಿದವರಲ್ಲಿ ಶೇ. 3.

ಖಿನ್ನತೆ ನೀಗಿಸಿದರೆ ಸಾವೂ ತಗ್ಗಬೇಕಲ್ಲ ಎಂಬ ಆಸೆಗೆ ಮುಂದಿನ ವರ್ಷಗಳು ಪೆಟ್ಟು ಕೊಟ್ಟವು. ಬ್ರಿಟನ್ನಿನಲ್ಲಿ 2,328 ರೋಗಿಗಳಿಗೆ ಸಂಬಂಧಿಸಿದ 1996ರ ಪ್ರಯೋಗದಲ್ಲಿ ವಾರಕ್ಕೊಮ್ಮೆ ನಡೆಸಿದ ಏಳು ಕೂಟಗಳಿಂದ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಅಮೆರಿಕದ ಎನ್‌ರಿಚ್ಡ್ ಪ್ರಯೋಗದಲ್ಲಿ (2003) 2,481 ಮಂದಿ ಇದ್ದರು. ಅರಿವಿನ ವರ್ತನಾ ಚಿಕಿತ್ಸೆಯಿಂದ ಖಿನ್ನತೆ ಇಳಿಯಿತು, ಆಯುಷ್ಯ ಹೆಚ್ಚಲಿಲ್ಲ. ಇದನ್ನು ಸೋಲೆಂದು ಬಗೆದವರೇ ಹೆಚ್ಚು. ಆದರೆ ರಾತ್ರಿ ಎದೆ ಚುರುಕ್ ಎಂದಾಗಲೆಲ್ಲ ಸಾವು ಬಂತೆಂದು ಎದ್ದು ಕೂರುವವನಿಗೆ ನೆಮ್ಮದಿಯ ನಿದ್ದೆ ಬಂದರೆ ಅದೂ ಚಿಕಿತ್ಸೆಯ ಫಲವೇ. ಸಾವಿನ ಲೆಕ್ಕವೊಂದರಿಂದಲೇ ಅದನ್ನು ಅಳೆಯುವುದು ನ್ಯಾಯವಲ್ಲ.

ಆ ನೆಮ್ಮದಿಯನ್ನೇ ಗುರಿಯಾಗಿಟ್ಟುಕೊಂಡದ್ದು ಎಡಿನ್‌ಬರೋದಲ್ಲಿ ಬಾಬ್ ಲೆವಿನ್ ಮತ್ತು ಸಂಗಡಿಗರು ರೂಪಿಸಿದ 'ಹಾರ್ಟ್ ಮ್ಯಾನ್ಯುಯಲ್'. ಆಸ್ಪತ್ರೆಯಿಂದ ಮನೆಗೆ ಹೋಗುವವರ ಕೈಗೆ ಆರು ವಾರಗಳ ಕೈಪಿಡಿ, ಮೈಮನಸ್ಸು ಸಡಿಲಿಸುವುದನ್ನು ಕಲಿಸುವ ಕ್ಯಾಸೆಟ್, ನಡುನಡುವೆ ವಿಚಾರಿಸಿಕೊಳ್ಳಲು ತರಬೇತಾದ ದಾದಿ. ಹೃದ್ರೋಗದ ಬಗೆಗಿನ ತಪ್ಪು ನಂಬಿಕೆಗಳನ್ನು ಕಳೆಯುವುದೇ ಅದರ ತಿರುಳು. 1992ರಲ್ಲಿ ಪ್ರಕಟವಾದ 176 ರೋಗಿಗಳ ಪ್ರಯೋಗದಲ್ಲಿ ಆತಂಕ ತಗ್ಗಿತು, ಮೊದಲ ಆರು ತಿಂಗಳಲ್ಲಿ ಆಸ್ಪತ್ರೆಗೆ ಮರುದಾಖಲಾಗುವುದೂ ಕಡಿಮೆಯಾಯಿತು.

ಆಯುಷ್ಯದ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಸ್ಟಾಕ್‌ಹೋಮ್‌ನಲ್ಲಿ 237 ಮಹಿಳೆಯರ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗುಂಪು ಚಿಕಿತ್ಸೆ ಪಡೆದವರಲ್ಲಿ ಶೇ. 7, ಉಳಿದವರಲ್ಲಿ ಶೇ. 20 ಮಂದಿ ತೀರಿಕೊಂಡರು. ಉಪ್ಸಾಲದ 2011ರ ವರದಿಯಲ್ಲಿ 362 ರೋಗಿಗಳಿದ್ದರು. ವರ್ಷದಲ್ಲಿ 20 ಕೂಟಗಳಿಗೆ ಬಂದವರಲ್ಲಿ ಹೃದಯ-ರಕ್ತನಾಳದ ಮರು ಆಘಾತಗಳು ಶೇ. 41ರಷ್ಟು ಕಡಿಮೆ. ಎರಡೂ ಕಡೆ ಚಿಕಿತ್ಸೆ ಸಾವಧಾನವಾಗಿ, ದೀರ್ಘಕಾಲ ನಡೆಯಿತು. ವ್ಯತ್ಯಾಸದ ಗುಟ್ಟು ಬಹುಶಃ ಅಲ್ಲಿದೆ.

ಭಾರತದಲ್ಲಿ ಈ ಆಸರೆ ಹೆಚ್ಚಾಗಿ ಯೋಗದ ಹಾದಿ ಹಿಡಿದಿದೆ. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಬೈಪಾಸ್ ಆದವರಿಗೆ ಯೋಗಾಧಾರಿತ ಪುನಶ್ಚೇತನ ಕೊಟ್ಟು, ಹೃದಯದ ಬಲದ ಜೊತೆಗೆ ಒತ್ತಡ, ಆತಂಕಗಳನ್ನೂ ಅಳೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ದೇಶದ 24 ಆಸ್ಪತ್ರೆಗಳ 3,959 ರೋಗಿಗಳನ್ನು ಒಳಗೊಂಡ ಯೋಗ-ಕೇರ್ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಮೂರು ತಿಂಗಳಲ್ಲಿ 13 ತರಗತಿಗಳು. ಸಾವು ಮತ್ತು ಮರು ಆಘಾತಗಳಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಆದರೆ ಯೋಗ ಕಲಿತವರು ತಮ್ಮ ಆರೋಗ್ಯ ಸುಧಾರಿಸಿದೆ ಎಂದರು, ಆಘಾತಕ್ಕೆ ಮುಂಚೆ ಮಾಡುತ್ತಿದ್ದ ಕೆಲಸಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು.