ಕಟ್ಟಿದ ಮರ, ಹೊಲಿದ ಹಲಗೆ: ಮದರಾಸು ತೀರದ ದೋಣಿಗಳು ಮತ್ತು ಕಿರು ಹಾಯಿದೋಣಿಯ ವಿನ್ಯಾಸ

ಇಂಗ್ಲಿಷಿನ 'ಕೆಟಮರಾನ್' ಎಂಬ ಪದವು ತಮಿಳಿನ 'ಕಟ್ಟುಮರಂ' ಎಂಬುದರಿಂದ ಬಂದುದೆಂಬುದು ಸುವಿದಿತ. 'ಕಟ್ಟು', 'ಮರ' ಎಂಬ ಎರಡು ಪದಗಳೂ ಕನ್ನಡಕ್ಕೆ ಸಹಜವಾದುವು. 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಶಾಫ್ 'ಅಮರಿಲ್ಲಿಸ್' ಎಂಬ ಜೋಡಿ ಒಡಲಿನ ಹಾಯಿದೋಣಿಯನ್ನು ನಿರ್ಮಿಸಿದನು. ಪಶ್ಚಿಮದಲ್ಲಿ ಕಾಲಕ್ರಮೇಣ ಆ ಬಗೆಯ ದೋಣಿಗೇ ಈ ಹೆಸರು ರೂಢವಾಯಿತು. ಚೆನ್ನೈ ತೀರದ ಕಟ್ಟುಮರವಾದರೋ ಹಗ್ಗದಿಂದ ಬಿಗಿದ ದಿಮ್ಮಿಗಳ ತೆಪ್ಪ. ಹೆಸರು ಕಡಲು ದಾಟಿತು; ಕಟ್ಟುವ ತತ್ತ್ವವು ದಡದಲ್ಲಿಯೇ ಉಳಿಯಿತು. ಸಾಂಪ್ರದಾಯಿಕ ದೋಣಿಯನ್ನು ಆಧರಿಸಿ, ವಾಹನಕ್ಕೆ ಜೋಡಿಸಿ ಒಯ್ಯಬಹುದಾದ ಸಣ್ಣ ಮರದ ಹಾಯಿದೋಣಿಯನ್ನು ರೂಪಿಸುವವರು ಯಾವುದನ್ನು ಆಧಾರವಾಗಿ ಗ್ರಹಿಸಬೇಕು, ಆಕಾರವನ್ನೋ ಕಟ್ಟುವ ಕ್ರಮವನ್ನೋ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಈ ದೋಣಿಗಳನ್ನು ಅಳತೆಸಹಿತವಾಗಿ ದಾಖಲಿಸಿದ ಆರಂಭಿಕರಲ್ಲಿ ಜಾನ್ ಈಡೈ ಪ್ರಮುಖನು. 1834ರಲ್ಲಿ ಪ್ರಕಟವಾದ ಅವನ ಪ್ರಬಂಧದ ಪ್ರಕಾರ ಕಟ್ಟುಮರದಲ್ಲಿ ಮೂರು ದಿಮ್ಮಿಗಳು. ಉದ್ದ 20ರಿಂದ 25 ಅಡಿ, ಅಗಲ ಎರಡೂವರೆಯಿಂದ ಮೂರೂವರೆ ಅಡಿ. ಮಧ್ಯದ ದಿಮ್ಮಿ ಎಲ್ಲಕ್ಕಿಂತ ದೊಡ್ಡದು. ಅದರ ಮೂತಿ ಮೇಲಕ್ಕೆ ಬಾಗಿರುತ್ತದೆ. ಹಾಯಿ ತ್ರಿಕೋನಾಕಾರದ್ದು. ದೋಣಿ ಗಾಳಿಯ ಒತ್ತಡಕ್ಕೆ ಅಡ್ಡಲಾಗಿ ಜಾರದಂತೆ ಪಕ್ಕದಲ್ಲಿ ಹಲಗೆಯೊಂದನ್ನು ನೀರಿಗೆ ಇಳಿಬಿಡುತ್ತಾರೆ. ದಡ ಸಮೀಪಿಸಿದಾಗ ಮೇಲೆತ್ತುತ್ತಾರೆ. ದಡ ಸೇರಿದ ಮೇಲೆ ಹಗ್ಗ ಬಿಚ್ಚಿ ದಿಮ್ಮಿಗಳನ್ನು ಬೇರ್ಪಡಿಸಿ, ಹೊತ್ತೊಯ್ದು ಮರಳಿನ ಮೇಲೆ ಒಣಗಿಸುವುದು ರೂಢಿ. ಒಯ್ಯಬಹುದಾದ ದೋಣಿಗೆ ಬೇಕಾದ ಮೂರು ಗುಣಗಳು, ಅಂದರೆ ಆಳವಿಲ್ಲದ ತಳ, ಎತ್ತಿಡಬಹುದಾದ ಹಲಗೆ ಮತ್ತು ಬಿಡಿಸಬಹುದಾದ ಒಡಲು, ಇಲ್ಲಿ ಮೊದಲೇ ಸಿದ್ಧವಾಗಿದ್ದುವು.

ಎರಡನೆಯದು ಮಸುಲಾ ದೋಣಿ. ಬಂದರಿನ ನಿರ್ಮಾಣಕ್ಕೆ ಮುನ್ನ ಹಡಗಿನಿಂದ ಮದರಾಸಿಗೆ ಇಳಿಯುವವರು ಇದರಲ್ಲಿಯೇ ಅಲೆಗಳನ್ನು ದಾಟಿ ದಡ ಸೇರಬೇಕಾಗಿತ್ತು. ಇದರ ಉದ್ದ 30ರಿಂದ 35 ಅಡಿ. ಒಳಗೆ ಪಕ್ಕೆಲುಬುಗಳಂಥ ಮರಗಳಿಲ್ಲ, ಹಲಗೆಗಳಿಗೆ ಮೊಳೆಗಳಿಲ್ಲ; ಸಂದುಗಳಲ್ಲಿ ನಾರನ್ನಿಟ್ಟು ತೆಂಗಿನ ಹುರಿಯಿಂದ ಹೊಲಿಯುತ್ತಿದ್ದರು. ಮೊಳೆ ಹೊಡೆದ ಬಿರುಸಾದ ದೋಣಿ ಒಡೆಯುವಲ್ಲಿ ಇದು ಬಳುಕಿ ಪೆಟ್ಟನ್ನು ತಾಳುತ್ತಿತ್ತು. ಈ ಕ್ರಮ ಪೂರ್ವ ತೀರಕ್ಕೆ ಮಾತ್ರ ಸೀಮಿತವಲ್ಲ. ನದಿಯ ಅಳಿವೆ ದಾಟಲು ಅನುಕೂಲವಾದ, ಚಪ್ಪಟೆ ತಳದ, ಹೊಲಿದ ಮಂಗಳೂರಿನ ದೋಣಿಯೊಂದನ್ನು ಈಡೈ 'ಮಂಚೆ' ಎಂದು ಹೆಸರಿಸುತ್ತಾನೆ. ಕರಾವಳಿಯವರು ಸರಕಿನ ಹಾಯಿಹಡಗಿಗೆ ಹೇಳುವ 'ಮಂಜಿ' ಎಂಬ ಪದದೊಡನೆ ಇದನ್ನು ಹೋಲಿಸಬಹುದು.

ಆಧುನಿಕ ವಿನ್ಯಾಸಕಾರರು ಈ ಹೊಲಿಗೆಗೆ ಬೇರೊಂದು ಮಾರ್ಗದಿಂದ ಮರಳಿದರು. 1963ರಲ್ಲಿ ಬ್ರಿಟನ್ನಿನಲ್ಲಿ ಬಂದ 'ಮಿರರ್' ದೋಣಿಯಲ್ಲಿ ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಗಾಜಿನ ನಾರು ಮತ್ತು ರಾಳವನ್ನು ಲೇಪಿಸುತ್ತಿದ್ದರು. ಅದರ ಒಡಲಿನ ತೂಕ ಸುಮಾರು 45 ಕಿಲೋಗ್ರಾಂ. ಕಾರಿನ ಮೇಲೆಯೇ ಹೊತ್ತೊಯ್ಯಬಹುದು. ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನಲ್ಲಿ ಬೆಲ್ಜಿಯಂ ದೇಶದ ಪಿಯರ್ ಜಿಲೆ ಮತ್ತು ಸಂಗಡಿಗರು ಇಂಥ ಹೊಲಿಗೆಯ ಪ್ಲೈವುಡ್ ದೋಣಿಗಳನ್ನು ಕಟ್ಟುಮರದ ಮೀನುಗಾರರಿಗಾಗಿ ರೂಪಿಸಿದರು. ಜಿಲೆ ತಮ್ಮ ಅನುಭವವನ್ನು ನಿರೂಪಿಸಿದ 1985ರ ಪುಸ್ತಕಕ್ಕೆ 'ಚಿಕ್ಕದು ಕಷ್ಟಕರ' ಎಂಬರ್ಥದ ಶೀರ್ಷಿಕೆ ಕೊಟ್ಟಿರುವುದು ಗಮನಾರ್ಹ. ದೋಣಿ ಚಿಕ್ಕದಾದಷ್ಟೂ ತೂಕ, ಬೆಲೆ, ದಡಕ್ಕೇರುವ ಸೌಕರ್ಯ ಇವುಗಳಲ್ಲಿ ತಪ್ಪಿಗೆ ಎಡೆ ಕಡಿಮೆ.

ಮೇಲಿನ ವಿವೇಚನೆಯಿಂದ, ಪರಂಪರೆಯಿಂದ ಪಡೆಯಬೇಕಾದುದು ಮೂತಿಯ ಬಾಗನ್ನಷ್ಟೇ ಅಲ್ಲ, ಸಂದನ್ನು ಕೂಡಿಸುವ ವಿವೇಕವನ್ನು ಎಂಬುದು ಸ್ಪಷ್ಟವಾಗುತ್ತದೆ. ಇಂದು ಅಪಾಯದಲ್ಲಿರುವುದೂ ಅದೇ. 2004ರ ಸುನಾಮಿಯ ತರುವಾಯ ತಮಿಳುನಾಡಿನ ತೀರದಲ್ಲಿ ಫೈಬರ್ ದೋಣಿಗಳು ಹೆಚ್ಚಿ ಕಟ್ಟುಮರಗಳು ವಿರಳವಾದುವು. ಅಚ್ಚಿನಲ್ಲಿ ಎರಕಗೊಂಡ ದೋಣಿಯನ್ನು ಬಳಸುವವನಿಗೆ ಗಂಟು ಹಾಕುವ ಕ್ರಮವನ್ನು ಕಲಿಯುವ ಅಗತ್ಯವಿಲ್ಲ. ಮದರಾಸು ಪ್ರಾಂತದ ಮೀನುಗಾರಿಕೆ ಇಲಾಖೆಯ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್ ಭಾರತದ ದೋಣಿಗಳನ್ನು ಕುರಿತು 1920ರಲ್ಲಿ ಪ್ರಬಂಧ ಪ್ರಕಟಿಸಿದನು. ದಕ್ಷಿಣ ಕನ್ನಡವೂ 1956ರವರೆಗೆ ಅದೇ ಆಡಳಿತಕ್ಕೆ ಒಳಪಟ್ಟಿತ್ತು. ಆದುದರಿಂದ ಎರಡೂ ತೀರಗಳ ದೋಣಿಗಳನ್ನು ಒಟ್ಟಿಗಿರಿಸಿ ನೋಡುವ ಹೊಣೆ ಹೊರನಾಡಿನ ಕನ್ನಡ ಸಂಶೋಧಕರಿಗೂ ಸೇರಿದುದು. ಅಳತೆ, ನಕ್ಷೆಗಳು ಮಾತ್ರ ಸಾಲವು. ಯಾವ ಹುರಿ ಮೊದಲು, ಯಾವ ಗಂಟು ಕೊನೆಗೆ, ಅವುಗಳ ಹೆಸರೇನು ಎಂಬುದನ್ನು ಬಲ್ಲ ಕೈಗಳು ಇರುವಾಗಲೇ ಅದನ್ನು ಬರೆದಿಡಬೇಕು. ಆಗ ಮಾತ್ರ ಮುಂದಿನ ವಿನ್ಯಾಸಕಾರನು ಹೆಸರನ್ನಲ್ಲದೆ ತತ್ತ್ವವನ್ನೂ ಎರವಲು ಪಡೆದಾನು.